ರೇಸ್ ಕೊಟ್ಟಾಗ ಕಾರು ಅದುರಿದರೆ: ಕಾರಣ ಪತ್ತೆ ಮತ್ತು ದುರಸ್ತಿಯ ಸಮಗ್ರ ಮಾರ್ಗದರ್ಶಿ

ಆಕ್ಸಿಲರೇಟರ್ ಒತ್ತಿದಾಗ ಕಾರು ಅದುರುವುದಕ್ಕೆ ಹತ್ತಾರು ಕಾರಣಗಳಿರುತ್ತವೆ; ಆದರೂ ಅವೆಲ್ಲವನ್ನೂ ಮೂರು ಗುಂಪಿನಲ್ಲಿ ಇಡಬಹುದು. ಚಕ್ರ ಮತ್ತು ಟೈರಿನ ದೋಷ ಒಂದು, ಎಂಜಿನ್ನಿನೊಳಗೆ ಇಂಧನ ಸರಿಯಾಗಿ ಉರಿಯದಿರುವುದು ಇನ್ನೊಂದು, ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಕ್ಲಚ್, ಶಾಫ್ಟ್, ಜಾಯಿಂಟುಗಳ ಮತ್ತು ಎಂಜಿನ್ನನ್ನು ಹಿಡಿದಿಡುವ ಫೌಂಡೇಶನ್ ರಬ್ಬರುಗಳ ಸವೆತ ಮೂರನೆಯದು. ಈ ಮೂರರಲ್ಲಿ ಯಾವುದು ಎಂದು ತಿಳಿಯುವ ಮೊದಲೇ ಬಿಡಿಭಾಗ ಬದಲಿಸಲು ಹೊರಟರೆ ಹಣ ಕೈಬಿಡುತ್ತದೆಯೇ ಹೊರತು ನಡುಕ ಹೋಗುವುದಿಲ್ಲ. ಕಲಬುರಗಿಯ ಯಾವುದಾದರೂ ಗ್ಯಾರೇಜಿಗೆ ಹೋಗಿ “ಮಾಮಾ, ರೇಸ್ ಕೊಟ್ರ ಗಾಡಿ ಅದುರ್ಲಕತ್ತದ” ಎಂದಷ್ಟೇ ಹೇಳಿದರೆ, ಅನುಭವವಿರುವ ಮಿಸ್ತ್ರಿ ಬಾನೆಟ್ ಎತ್ತುವ ಮೊದಲು “ಎಷ್ಟು ಸ್ಪೀಡಿಗಿ ಸುರು ಆಗ್ತದ್ರೀ?” ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಬಂದರೆ ಅರ್ಧ ಕೆಲಸ ಮುಗಿದಂತೆ. ಕೇಳದೆಯೇ ನೇರವಾಗಿ ಪ್ಲಗ್ ಬದಲಿಸಲು ಹೇಳುವವರ ಬಳಿಯಿಂದ ಗಾಡಿ ತಿರುಗಿಸಿಕೊಂಡು ಬರುವುದೇ ಲೇಸು.

ಗಾಡಿ ಜಾಕಿಗೆ ಏರುವ ಮೊದಲು

ಮೊದಲ ಪರೀಕ್ಷೆಯನ್ನು ಮನೆಯ ಮುಂದೆಯೇ ಮಾಡಬಹುದು. ಎಂಜಿನ್ ಬಿಸಿಯಾದ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ನಿಂತಲ್ಲಿಯೇ ನಿಧಾನವಾಗಿ 1,000ದಿಂದ 3,000 ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕ) ರೇಸ್ ಕೊಡಬೇಕು. ನಿಂತ ಗಾಡಿಯೇ ಅದುರಿದರೆ ಚಕ್ರ, ಟೈರು, ಡ್ರೈವ್ ಶಾಫ್ಟುಗಳ ಮೇಲಿನ ಸಂಶಯವನ್ನು ಸದ್ಯಕ್ಕೆ ಬಿಟ್ಟು ಎಂಜಿನ್ ಮತ್ತು ಅದರ ಫೌಂಡೇಶನ್ ಕಡೆಗೆ ಗಮನ ಹರಿಸಬೇಕು. ನಿಂತಾಗ ನುಣುಪಾಗಿದ್ದು ಓಡುವಾಗ ಮಾತ್ರ ಅದುರಿದರೆ ಚಕ್ರ ಅಥವಾ ಶಾಫ್ಟಿನ ದೋಷದ ಸಾಧ್ಯತೆ ಹೆಚ್ಚು. ಆದರೆ ಹೊರೆ ಬಿದ್ದಾಗ ಮಾತ್ರ ಮಿಸ್ಸಿಂಗ್ ಹೊಡೆಯುವ, ಅಂದರೆ ನಡುನಡುವೆ ಇಂಧನ ಉರಿಯದೆ ತಪ್ಪುವ, ಎಂಜಿನ್ನುಗಳೂ ಇರುವುದರಿಂದ ಇಷ್ಟರಿಂದಲೇ ತೀರ್ಮಾನಕ್ಕೆ ಬರಬಾರದು.

ಎರಡನೆಯ ಪರೀಕ್ಷೆಗೆ ರಸ್ತೆ ಬೇಕು. ಬೆಳಗಿನ ಹೊತ್ತು ಸಂಚಾರ ಕಡಿಮೆಯಿರುವಾಗ, ಕಲಬುರಗಿಯವರು ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿಯೂ ಬೀದರ್ ಜಿಲ್ಲೆಯವರು ಹುಮನಾಬಾದ್–ಬಸವಕಲ್ಯಾಣದ ನಡುವಿನ ಚತುಷ್ಪಥದಲ್ಲಿಯೂ ಸಮತಟ್ಟಾದ, ತಗ್ಗುದಿಣ್ಣೆಗಳಿಲ್ಲದ ಒಂದು ತುಂಡು ರಸ್ತೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಪಕ್ಕದಲ್ಲಿ ಇನ್ನೊಬ್ಬರನ್ನು ಕೂರಿಸಿಕೊಂಡು, ಅವರ ಕೈಗೆ ಕಾಗದ, ಪೆನ್ನು ಕೊಡಬೇಕು. ಓಡಿಸುವವರು ಬರೆಯಲು ಹೋಗಬಾರದು. ನಡುಕ ಆರಂಭವಾದ ವೇಗ, ಆಗಿನ ಗೇರು, ಆರ್‌ಪಿಎಂ, ನಡುಕ ಸ್ಟಿಯರಿಂಗ್‌ನಲ್ಲಿದೆಯೋ ಸೀಟಿನಲ್ಲಿದೆಯೋ ಎಂಬುದು, ಕಾಲು ತೆಗೆದ ಕ್ಷಣ ಏನಾಯಿತು ಎಂಬುದು, ಇವಿಷ್ಟನ್ನು ಗುರುತು ಹಾಕಿಕೊಂಡರೆ ಸಾಕು.

ನಡುಕ ಬರುವ ವೇಗ ತಲುಪಿದ ಮೇಲೆ ಆಕ್ಸಿಲರೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಅದೇ ವೇಗದಲ್ಲಿ ಗಾಡಿ ತಾನೇ ಉರುಳುತ್ತಿರುವಾಗಲೂ ನಡುಕ ಹಾಗೆಯೇ ಉಳಿದರೆ ಅದು ಚಕ್ರದ್ದು. ಕಾಲು ತೆಗೆದ ಕೂಡಲೇ ನಿಂತು, ಮತ್ತೆ ಒತ್ತಿದ ಕೂಡಲೇ ಬಂದರೆ ಅದು ಎಂಜಿನ್ ಅಥವಾ ಡ್ರೈವ್ ಶಾಫ್ಟಿನದ್ದು. ಈ ಪರೀಕ್ಷೆಯಲ್ಲಿ ಕೀಲಿ ತಿರುಗಿಸಿ ಎಂಜಿನ್ ಆರಿಸುವ ಸಾಹಸ ಬೇಡ. ಎಂಜಿನ್ ಆರಿದರೆ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿಗೆ ಸಿಗುವ ನೆರವೂ ಎರಡು ಮೂರು ಬಾರಿ ಒತ್ತುವಷ್ಟರಲ್ಲಿ ಮುಗಿದುಹೋಗುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲಿ ಓಡುವಾಗ ನ್ಯೂಟ್ರಲ್‌ಗೆ ಹಾಕುವುದೂ ಬೇಡ, ಕಾಲು ತೆಗೆದು ನೋಡಿದರೆ ಸಾಕು.

ಮೂರನೆಯದು ಗೇರು ಬದಲಿಸಿ ನೋಡುವ ಪರೀಕ್ಷೆ. ಕಾಲು ತೆಗೆದಾಗ ನಿಲ್ಲುವ ನಡುಕ ಎಂಜಿನ್ನಿನದೋ ಶಾಫ್ಟಿನದೋ ಎಂಬುದನ್ನು ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಸುಮಾರು 60 ಸೆಂ.ಮೀ. ವ್ಯಾಸದ ಟೈರು ಗಂಟೆಗೆ 85 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರಿನ ಎಂಜಿನ್ 1,500 ಆರ್‌ಪಿಎಂನಲ್ಲಿ ತಿರುಗುವಾಗ ಒಂದು ಸಿಲಿಂಡರ್ ಉರಿಯದಿದ್ದರೆ ಆ ಕೊರತೆಯೂ ಸೆಕೆಂಡಿಗೆ ಹನ್ನೆರಡೂವರೆ ಬಾರಿಯೇ ಬರುತ್ತದೆ. ಎರಡೂ ಕೈಗೆ ಒಂದೇ ತೆರನಾಗಿ ತಾಗುವುದರಿಂದ ಬರೀ ಅನುಭವದ ಮೇಲೆ ತೀರ್ಮಾನಿಸುವವರು ಮೋಸಹೋಗುವುದು ಸಹಜ. ಆದರೆ ಅದೇ ವೇಗವನ್ನು ಮೂರನೆಯ ಗೇರಿನಲ್ಲಿ ಒಮ್ಮೆ, ನಾಲ್ಕನೆಯ ಗೇರಿನಲ್ಲಿ ಒಮ್ಮೆ ಕಾಯ್ದುಕೊಂಡು ನೋಡಿದರೆ ಚಕ್ರದ ಸುತ್ತು ಬದಲಾಗುವುದಿಲ್ಲ, ಎಂಜಿನ್ನಿನ ಸುತ್ತು ಬದಲಾಗುತ್ತದೆ. ಗೇರಿನೊಂದಿಗೆ ನಡುಕದ ಲಯ ಬದಲಾದರೆ ಎಂಜಿನ್, ಬದಲಾಗದಿದ್ದರೆ ಚಕ್ರ ಅಥವಾ ಶಾಫ್ಟ್.

ಇನ್ನೊಂದು ಮಾತು. ಐದನೆಯ ಗೇರಿನಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿರುವಾಗ ಪೂರ್ತಿ ರೇಸ್ ಕೊಟ್ಟರೆ ಯಾವ ಹೊಸ ಕಾರೂ ಅದುರುತ್ತದೆ. ಅದು ಗಾಡಿಯ ದೋಷವಲ್ಲ. ಗೇರು ಇಳಿಸಿದರೆ ಆ ನಡುಕ ಹೋಗುವುದಾದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಿಲ್ಲ.

ಚಕ್ರ: ಮೊದಲು ನೀರು, ಆಮೇಲೆ ಯಂತ್ರ

ಗಂಟೆಗೆ 80ರಿಂದ 110 ಕಿ.ಮೀ. ನಡುವೆ ಆರಂಭವಾಗಿ, ವೇಗದೊಂದಿಗೆ ಹೆಚ್ಚಿ, ಕೆಲವೊಮ್ಮೆ ಇನ್ನೂ ವೇಗ ಹೆಚ್ಚಿಸಿದಾಗ ಕಡಿಮೆಯಾಗುವ ನಡುಕ ಸಾಮಾನ್ಯವಾಗಿ ಚಕ್ರದ ತೂಕ ಏರುಪೇರಾಗಿರುವುದರಿಂದ ಬರುತ್ತದೆ. ವೇಗ ಹೆಚ್ಚಿಸುವಾಗ ಅನುಭವಕ್ಕೆ ಬರುವುದರಿಂದ ಅನೇಕರು ಅದನ್ನು ರೇಸ್ ಕೊಟ್ಟಾಗಿನ ನಡುಕ ಎಂದೇ ತಿಳಿಯುತ್ತಾರೆ. ಸ್ಟಿಯರಿಂಗ್ ಅದುರಿದರೆ ಮುಂದಿನ ಚಕ್ರಗಳು, ಸೀಟು ಮತ್ತು ನೆಲ ಅದುರಿದರೆ ಹಿಂದಿನ ಚಕ್ರಗಳು ಎಂಬುದು ಬಹುಮಟ್ಟಿಗೆ ಸರಿಯಾದ ಲೆಕ್ಕ.

ನಮ್ಮ ಭಾಗದಲ್ಲಿ ಇದಕ್ಕೆ ಬೇರೆಡೆ ಅಷ್ಟಾಗಿ ಕಾಣದ ಒಂದು ಕಾರಣವಿದೆ, ಅದು ಎರೆಮಣ್ಣು. ಬೀದರ್ ಪಟ್ಟಣದ ಸುತ್ತಲಿನ ಕೆಂಪು ಮಣ್ಣು ಒಣಗಿದ ಮೇಲೆ ತಾನಾಗಿಯೇ ಉದುರುತ್ತದೆ. ಅಫಜಲಪುರ, ಜೇವರ್ಗಿ, ಶಹಾಪುರ ಕಡೆಯ ಕರಿ ಎರೆಮಣ್ಣು ಹಾಗಲ್ಲ. ಮಳೆಗಾಲದಲ್ಲಿ ಹೊಲದ ದಾರಿಗೆ ಇಳಿದು ಬಂದ ಕಾರಿನ ರಿಮ್ಮಿನ ಒಳಮೈಯನ್ನು, ಅಂದರೆ ಹೊರಗಿನಿಂದ ಕಾಣದ, ಸಸ್ಪೆನ್ಷನ್ ಕಡೆಗಿರುವ ಮೈಯನ್ನು, ಕೈಯಿಂದ ತಡವಿ ನೋಡಬೇಕು. ಅಲ್ಲಿ ಮಣ್ಣು ಒಂದು ಕಡೆ ಅಂಗೈ ಅಗಲ ಹೆಪ್ಪುಗಟ್ಟಿ, ಎರಡು ದಿನದ ಬಿಸಿಲಿಗೆ ಒಣಗಿ, ಉಗುರಿಗೆ ಏಳದಷ್ಟು ಗಟ್ಟಿಯಾಗಿ ಕೂತಿರುತ್ತದೆ. ಸ್ಕ್ರೂ ಡ್ರೈವರಿನಿಂದ ತಟ್ಟಿದರೆ ಹೆಂಚಿನ ಚೂರಿನಂತೆ ಬಿಲ್ಲೆ ಬಿಲ್ಲೆಯಾಗಿ ಕಳಚುತ್ತದೆ. ಇದರ ತೂಕ ಬರೀ 50 ಗ್ರಾಂ ಇದ್ದರೂ, 15 ಇಂಚಿನ ರಿಮ್ಮಿನ ಅಂಚಿನಲ್ಲಿ, ಗಂಟೆಗೆ 90 ಕಿ.ಮೀ. ವೇಗದಲ್ಲಿ ಅದು ಚಕ್ರವನ್ನು ಆರೇಳು ಕಿಲೋ ತೂಕದಷ್ಟು ಬಲದಿಂದ ಎಲ್ಲ ದಿಕ್ಕಿಗೂ ಎಳೆಯುತ್ತದೆ, ಅದೂ ಸೆಕೆಂಡಿಗೆ ಹದಿಮೂರು ಸಲ. ವೇಗ ಅರ್ಧಕ್ಕಿಳಿದರೆ ಆ ಬಲ ಕಾಲು ಭಾಗಕ್ಕೆ ಇಳಿಯುವುದರಿಂದಲೇ ಊರೊಳಗೆ ಓಡಿಸುವಾಗ ಏನೂ ತಿಳಿಯುವುದಿಲ್ಲ.

ಆದ್ದರಿಂದ ಚಕ್ರದ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗ್ ಅಂಗಡಿಗೆ ಹೋಗುವ ಮೊದಲು ನಾಲ್ಕೂ ಚಕ್ರಗಳ ಒಳಮೈಯನ್ನು ನೀರು ಹಾಕಿ ನೆನೆಸಿ, ಮರದ ಕಡ್ಡಿಯಿಂದ ಕೆರೆದು, ಪ್ರೆಷರ್ ವಾಟರ್‌ನಿಂದ ತೊಳೆಯಿಸಬೇಕು. ಮಣ್ಣು ಇದ್ದ ಹಾಗೆಯೇ ಬ್ಯಾಲೆನ್ಸಿಂಗ್ ಮಾಡಿಸಿದರೆ ಯಂತ್ರ ಆ ಮಣ್ಣಿಗೆ ಸರಿದೂಗುವಂತೆ ತೂಕ ಕೂರಿಸುತ್ತದೆ, ಮುಂದಿನ ವಾರ ಮಣ್ಣು ಉದುರಿದಾಗ ಆ ತೂಕವೇ ಹೊಸ ನಡುಕ ತರುತ್ತದೆ.

ತೊಳೆದ ಮೇಲೂ ನಡುಕ ಉಳಿದರೆ ಟೈರುಗಳನ್ನು ನೋಡಬೇಕು. ಟೈರಿನ ಮೈಮೇಲೆ ಅಂಗೈ ಸವರುತ್ತ ಒಂದು ಸುತ್ತು ಬಂದರೆ ಉಬ್ಬು, ಒಂದೆಡೆ ಮಾತ್ರ ಸವೆತ, ಮೆಟ್ಟಿಲು ಮೆಟ್ಟಿಲಾದ ಸವೆತ ಇವು ಕೈಗೆ ಸಿಗುತ್ತವೆ. ಪಕ್ಕದ ಗೋಡೆಯಲ್ಲಿ ಗುಳ್ಳೆಯಂಥ ಉಬ್ಬು ಕಂಡರೆ ಒಳಗಿನ ಎಳೆಗಳು ಹರಿದಿವೆ ಎಂದೇ ಅರ್ಥ. ಅಂಥ ಟೈರನ್ನು ಅದೇ ದಿನ ತೆಗೆಯಬೇಕು, ಅದರ ಮೇಲೆ ಹೆದ್ದಾರಿಗೆ ಹೋಗಲೇಬಾರದು. ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42–43 ಡಿಗ್ರಿ ದಾಟಿದಾಗ ಡಾಂಬರು ಅದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತದೆ, ಗಾಳಿ ಕಡಿಮೆಯಿರುವ ಟೈರು ಮತ್ತಷ್ಟು ಕಾದು ಒಡೆಯುತ್ತದೆ. ಗಾಳಿಯ ಒತ್ತಡವನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುವ ಚೀಟಿಯ ಪ್ರಕಾರ ನೋಡಬೇಕು. ಓಡಿ ಬಿಸಿಯಾದಾಗ ಒತ್ತಡ ಹೆಚ್ಚು ತೋರಿತೆಂದು ಗಾಳಿ ಬಿಡುವುದು ತಪ್ಪು. ಟೈರಿನ ಮೇಲಿನ ನಾಲ್ಕಂಕಿಯ ಗುರುತು ಅದರ ವಯಸ್ಸು ಹೇಳುತ್ತದೆ: 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು. ಕಚ್ಚಿನ ಆಳ 1.6 ಮಿ.ಮೀ.ಗಿಂತ ಕೆಳಗಿಳಿದಿದ್ದರೆ ಬ್ಯಾಲೆನ್ಸಿಂಗ್ ಮಾತು ಬಿಟ್ಟು ಟೈರು ಬದಲಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ವ್ಯಾಪಕವಾಗಿದೆ. ಗಾಡಿ ಅದುರುತ್ತದೆ ಎಂದು ಹೋದವರಿಗೆ ಅಲೈನ್‌ಮೆಂಟ್ ಮಾಡಿ ಕಳಿಸುವ ಅಂಗಡಿಗಳು ಕಡಿಮೆಯೇನಿಲ್ಲ. ಅಲೈನ್‌ಮೆಂಟ್ ಎಂದರೆ ಚಕ್ರಗಳ ಕೋನವನ್ನು ಸರಿಪಡಿಸುವುದು. ಗಾಡಿ ಒಂದು ಕಡೆಗೆ ಎಳೆಯುತ್ತಿದ್ದರೆ, ಟೈರು ಒಂದು ಅಂಚಿನಲ್ಲಿ ಸವೆಯುತ್ತಿದ್ದರೆ ಅದು ಬೇಕು. ನಡುಕಕ್ಕೆ ಬೇಕಾದದ್ದು ಬ್ಯಾಲೆನ್ಸಿಂಗ್. ಚಕ್ರ ಯಂತ್ರದ ಮೇಲೆ ತಿರುಗುವಾಗ ಪಕ್ಕದಲ್ಲಿ ನಿಂತು ರಿಮ್ಮಿನ ಅಂಚನ್ನು ದಿಟ್ಟಿಸಿ ನೋಡಬೇಕು. ಅಂಚು ಅತ್ತಿತ್ತ ತೊನೆಯುತ್ತಿದ್ದರೆ ರಿಮ್ ಬೆಂಡ್ ಆಗಿದೆ, ಅದಕ್ಕೆ ಎಷ್ಟು ತೂಕ ಹೊಡೆದರೂ ಪ್ರಯೋಜನವಿಲ್ಲ. ಕಬ್ಬಿಣದ ರಿಮ್ಮಿನ ಬೆಂಡನ್ನು ತೆಗೆಯಬಹುದು. ಅಲಾಯ್ ರಿಮ್ಮಿನಲ್ಲಿ ಬಿರುಕು ಕಂಡರೆ ಬೆಸುಗೆ ಹಾಕಿಸುವ ಬದಲು ಬದಲಿಸುವುದೇ ಸುರಕ್ಷಿತ. ಬ್ಯಾಲೆನ್ಸಿಂಗ್ ಆದ ಮೇಲೂ ಸಂಶಯವಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿ ಓಡಿಸಿ ನೋಡಬೇಕು. ನಡುಕ ಸ್ಟಿಯರಿಂಗಿನಿಂದ ಸೀಟಿಗೆ ಜಾಗ ಬದಲಿಸಿತೆಂದರೆ ತಪ್ಪಿತಸ್ಥ ಆ ಚಕ್ರಗಳಲ್ಲೇ ಇದೆ.

ಬ್ರೇಕ್ ಒತ್ತಿದಾಗ ಮಾತ್ರ ಸ್ಟಿಯರಿಂಗ್ ಅದುರಿದರೆ ಡಿಸ್ಕ್ ಸೊಟ್ಟಗಾಗಿದೆ ಎಂದರ್ಥ, ಅದು ಬೇರೆಯೇ ವಿಷಯ.

ಎಂಜಿನ್ ಮಿಸ್ಸಿಂಗ್

ನಡುಕ ವೇಗಕ್ಕಿಂತ ಹೆಚ್ಚಾಗಿ ಆರ್‌ಪಿಎಂಗೆ ಅಂಟಿಕೊಂಡಿದ್ದರೆ, ಏರಿನಲ್ಲಿ ಅಥವಾ ಓವರ್‌ಟೇಕ್ ಮಾಡುವಾಗ ಗಾಡಿ ಎಳೆಯದೆ ಮುಗ್ಗರಿಸಿದಂತಾದರೆ, ಎಂಜಿನ್ನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ. ಡ್ಯಾಶ್‌ಬೋರ್ಡಿನ ಹಳದಿ ಎಂಜಿನ್ ದೀಪ ಸ್ಥಿರವಾಗಿ ಉರಿದರೆ ಗ್ಯಾರೇಜಿನವರೆಗೆ ನಿಧಾನವಾಗಿ ಓಡಿಸಬಹುದು. ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು ಅದನ್ನು ಕರಗಿಸುವ ಅಪಾಯವಿದೆ; ಆಗ ಕೂಡಲೇ ರೇಸ್ ಕಡಿಮೆ ಮಾಡಿ, ಸಾಧ್ಯವಾದಷ್ಟು ಬೇಗ ಗಾಡಿ ನಿಲ್ಲಿಸಬೇಕು. ಕನ್ವರ್ಟರಿನ ಬೆಲೆಯ ಮುಂದೆ ಟೋ ಮಾಡಿಸುವ ಖರ್ಚು ಏನೂ ಅಲ್ಲ.

ಸ್ಟಿಯರಿಂಗಿನ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಓಬಿಡಿ ಸ್ಕ್ಯಾನರ್ (ಎಂಜಿನ್ ಕಂಪ್ಯೂಟರಿನ ದೋಷದ ಕೋಡು ಓದುವ ಸಾಧನ) ಹಾಕಿದರೆ ಗಾಡಿಯೇ ತನ್ನ ದೋಷವನ್ನು ಹೇಳುತ್ತದೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಜೋಡಿಸುವ ಸಣ್ಣ ಸ್ಕ್ಯಾನರ್ ಇಟ್ಟುಕೊಳ್ಳುವುದು ಗಾಡಿ ಇರುವ ಎಲ್ಲರಿಗೂ ಉಪಯುಕ್ತ. ಪಿ0301ರಿಂದ ಪಿ0304ರವರೆಗಿನ ಕೋಡುಗಳಲ್ಲಿ ಕೊನೆಯ ಅಂಕಿ ಯಾವ ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿದೆ ಎಂಬುದನ್ನು ಸೂಚಿಸುತ್ತದೆ. ಪಿ0300 ಬಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರುಗಳಲ್ಲಿ ಅನಿಯಮಿತವಾಗಿ ಆಗುತ್ತಿದೆ. ಪಿ0171 ಎಂದರೆ ಪೆಟ್ರೋಲಿನ ಪ್ರಮಾಣಕ್ಕೆ ಇರಬೇಕಾದುದಕ್ಕಿಂತ ಗಾಳಿ ಹೆಚ್ಚಾಗಿದೆ. ಕೋಡನ್ನು ಅಳಿಸುವ ಮೊದಲು ಬರೆದಿಟ್ಟುಕೊಳ್ಳಬೇಕು.

ಒಂದೇ ಸಿಲಿಂಡರಿನ ಕೋಡು ಬಂದಾಗ ಮಾಡಬೇಕಾದ ಕೆಲಸ ಬಹಳ ಸರಳ. ಉದಾಹರಣೆಗೆ ಪಿ0302 ಬಂದಿದ್ದರೆ, ಎಂಜಿನ್ ಆರಿಸಿ ತಣ್ಣಗಾದ ಮೇಲೆ, ಎರಡನೆಯ ಸಿಲಿಂಡರಿನ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದರದ್ದನ್ನು ಎರಡನೆಯದಕ್ಕೆ ಹಾಕಿ, ಕೋಡು ಅಳಿಸಿ ಓಡಿಸಬೇಕು. ಕೋಡು ಪಿ0303ಕ್ಕೆ ಬದಲಾದರೆ ಕಾಯಿಲ್ ಹಾಳಾಗಿದೆ. ಬದಲಾಗದಿದ್ದರೆ ಪ್ಲಗ್ಗುಗಳನ್ನು ಇದೇ ರೀತಿ ಅದಲುಬದಲು ಮಾಡಿ ನೋಡಬೇಕು. ಅದಕ್ಕೂ ಕೋಡು ಜಾಗ ಬಿಡದಿದ್ದರೆ ಇಂಜೆಕ್ಟರ್ (ಇಂಧನ ಚಿಮ್ಮಿಸುವ ಭಾಗ), ವೈರಿಂಗ್ ಅಥವಾ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡೆಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಕಾಯಿಲ್ ಎಳೆದು ನೋಡುವ ಹಳೆಯ ಪದ್ಧತಿ ಬೇಡ. ಅಲ್ಲಿ ಹತ್ತಾರು ಸಾವಿರ ವೋಲ್ಟ್ ಇರುತ್ತದೆ, ಕೈಗೆ ಹೊಡೆಯುವುದಲ್ಲದೆ ಎಂಜಿನ್ ಕಂಪ್ಯೂಟರನ್ನೂ ಕೆಡಿಸಬಹುದು.

ತೆಗೆದ ಪ್ಲಗ್ಗಿನ ತುದಿಯನ್ನು ಬೆಳಕಿಗೆ ಹಿಡಿದು ನೋಡುವುದು ಒಂದು ವಿದ್ಯೆಯೇ ಸರಿ. ತಿಳಿ ಕಂದು ಅಥವಾ ಬೂದಿ ಬಣ್ಣವಿದ್ದರೆ ಉರಿ ಸರಿಯಾಗಿದೆ. ಒಣ ಕರಿ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚಾಗುತ್ತಿದೆ ಇಲ್ಲವೇ ಕಿಡಿ ಸಾಲುತ್ತಿಲ್ಲ, ಎಣ್ಣೆ ಜಿಡ್ಡು ಇದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ, ಸುಣ್ಣದಂತೆ ಬಿಳಿಚಿಕೊಂಡಿದ್ದರೆ ಅತಿಯಾಗಿ ಕಾಯುತ್ತಿದೆ. ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೆ ಅಲ್ಲಿ ಬಿರುಕಿದೆ, ಹೊರೆ ಬಿದ್ದಾಗ ಕಿಡಿ ಅಲ್ಲಿಂದಲೇ ಸೋರಿಹೋಗುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್ಗು 30–40 ಸಾವಿರ ಕಿ.ಮೀ.ವರೆಗೆ, ಇರಿಡಿಯಂ ಪ್ಲಗ್ಗು ಸುಮಾರು ಒಂದು ಲಕ್ಷ ಕಿ.ಮೀ.ವರೆಗೆ ಬಾಳುತ್ತದೆ. ಹೊಸ ಪ್ಲಗ್ಗನ್ನು ಮೊದಲು ಕೈಬೆರಳಿನಿಂದಲೇ ತಿರುಗಿಸಿ ಕೂರಿಸಿ, ಆಮೇಲೆ ಪಾನಾ ಹಾಕಬೇಕು. ಪ್ಲಗ್ಗು ಕೂರುವ ಹೆಡ್ ಅಲ್ಯೂಮಿನಿಯಂ ಆಗಿರುವುದರಿಂದ ಮರೆ (ತಿರುಪಿನ ಗೆರೆಗಳು) ಕೆಟ್ಟರೆ ಪ್ಲಗ್ಗಿನ ನೂರು ಪಾಲು ಖರ್ಚು ಬರುತ್ತದೆ. ಪ್ಲಗ್ಗಿನ ಗುಂಡಿಯಲ್ಲಿ ನೀರಿದ್ದರೆ, ಇತ್ತೀಚೆಗೆ ಎಂಜಿನ್ ಮೇಲೆ ನೀರು ಹೊಡೆದು ತೊಳೆಯಿಸಿದ್ದೀರಾ ಎಂದು ನೆನಪಿಸಿಕೊಳ್ಳಿ. ಗುಂಡಿಯಲ್ಲಿ ಆಯಿಲ್ ಇದ್ದರೆ ವಾಲ್ವ್ ಕವರಿನ ಸೀಲು ಬದಲಿಸದೆ ಹೊಸ ಪ್ಲಗ್ಗು, ಕಾಯಿಲು ಹಾಕಿ ಫಲವಿಲ್ಲ.

ಪ್ಲಗ್ ವೈರುಗಳಿರುವ ಹಳೆಯ ಕಾರುಗಳಲ್ಲಿ ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು, ಏನನ್ನೂ ಮುಟ್ಟದೆ, ಎಂಜಿನ್ ಓಡಿಸಿ ನೋಡಿದರೆ ಸೋರುವ ವೈರಿನಿಂದ ನೀಲಿ ಕಿಡಿ ಹಾರುವುದು ಕಣ್ಣಿಗೇ ಕಾಣುತ್ತದೆ. ಇನ್ನು ಇಲಿಗಳು. ತೊಗರಿ ಚೀಲ ಇಟ್ಟ ಮನೆಯ ಪಡಸಾಲೆಯಲ್ಲಿ, ಗೋದಾಮಿನ ಪಕ್ಕದಲ್ಲಿ ನಿಲ್ಲಿಸಿದ ಕಾರಿನ ಇಂಜೆಕ್ಟರ್ ವೈರನ್ನು ಇಲಿ ಕಡಿದಿರುವುದು ಅಪರೂಪವಲ್ಲ. ಸಾವಿರಾರು ರೂಪಾಯಿಯ ಇಂಜೆಕ್ಟರ್ ತರಿಸುವ ಮೊದಲು ಟಾರ್ಚ್ ಹಿಡಿದು ವೈರಿನ ಉದ್ದಕ್ಕೂ ನೋಡುವುದು ಪುಕ್ಕಟೆಯ ಕೆಲಸ.

ಗಾಳಿಯ ದಾರಿಗೆ ಇಲ್ಲಿ ವಿಶೇಷ ಗಮನ ಬೇಕು. ತೊಗರಿ ರಾಶಿಯ ದಿನಗಳಲ್ಲಿ ಹೊಟ್ಟು, ಧೂಳು ಹಾರುವ ರಸ್ತೆಗಳಲ್ಲಿಯೂ, ಸೇಡಂ, ವಾಡಿ, ಶಹಾಬಾದ್ ಭಾಗದ ಸಿಮೆಂಟ್ ಕಾರ್ಖಾನೆ ಮತ್ತು ಕಲ್ಲುಗಣಿಗಳ ಹಾದಿಯಲ್ಲಿಯೂ ದಿನವೂ ಓಡುವ ಗಾಡಿಯ ಏರ್ ಫಿಲ್ಟರ್, ಕಂಪನಿಯ ಪುಸ್ತಕದಲ್ಲಿ ಬರೆದಷ್ಟು ದೂರ ಬಾಳುವುದಿಲ್ಲ. ಪ್ರತಿ 5,000 ಕಿ.ಮೀ.ಗೆ ಒಮ್ಮೆ ತೆರೆದು ನೋಡುವುದು ವಾಸಿ. ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮಡಿಕೆಗಳನ್ನು ಬಗ್ಗಿಸಿ ನೋಡಿದರೆ ಸುಮ್ಮನೆ ನೋಡಿದಾಗ ಕಾಣದ ಸೀಳು ಕಾಣುತ್ತದೆ. ರೇಸ್ ಕೊಟ್ಟಾಗ ಎಂಜಿನ್ ವಾಲಿ ಆ ಸೀಳು ಬಾಯಿ ತೆರೆಯುತ್ತದೆ, ಅಳತೆಗೆ ಸಿಗದ ಗಾಳಿ ಒಳಹೊಕ್ಕು ಗಾಡಿ ಮುಗ್ಗರಿಸುತ್ತದೆ. ಗಾಳಿ ಅಳೆಯುವ ಸೆನ್ಸರನ್ನು ಅದಕ್ಕೆಂದೇ ಸಿಗುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು, ಬಟ್ಟೆ, ಬ್ರಶ್ ತಾಗಿಸಬಾರದು.

ಸಿಎನ್‌ಜಿ ಅಳವಡಿಸಿದ ಗಾಡಿಯನ್ನು ಪೆಟ್ರೋಲಿನಲ್ಲಿ ಒಮ್ಮೆ, ಗ್ಯಾಸಿನಲ್ಲಿ ಒಮ್ಮೆ ಓಡಿಸಿ ನೋಡಬೇಕು. ಗ್ಯಾಸಿಗೆ ಕಿಡಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕಾಗುವುದರಿಂದ ಸವೆದ ಪ್ಲಗ್ಗು, ಸೋತ ಕಾಯಿಲು ಮೊದಲು ಗ್ಯಾಸಿನಲ್ಲಿಯೇ ಸಿಕ್ಕಿಬೀಳುತ್ತವೆ. ಡೀಸೆಲ್ ಗಾಡಿಯಲ್ಲಿ ಫ್ಯೂಯಲ್ ಫಿಲ್ಟರಿನ ತಳದ ತಿರುಪನ್ನು ಸಡಿಲಿಸಿ, ನೀರು ಹೋಗಿ ಶುದ್ಧ ಡೀಸೆಲ್ ಬರುವವರೆಗೆ ಬಿಡಬೇಕು. ಅದರಿಂದ ಆಗದಿದ್ದರೆ ಫಿಲ್ಟರ್ ಬದಲಿಸಿ, ಇಂಜೆಕ್ಟರುಗಳನ್ನು ಡೀಸೆಲ್ ಪಂಪ್ ದುರಸ್ತಿಯ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಬೇಕು. ಕಾಮನ್ ರೈಲ್ ಡೀಸೆಲ್ಲಿನ ಪೈಪಿನಲ್ಲಿ ಸಾವಿರ ಬಾರ್‌ಗೂ ಮಿಕ್ಕಿದ ಒತ್ತಡವಿರುತ್ತದೆ, ಎಂಜಿನ್ ಓಡುವಾಗ ಅದರ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ. ಇಷ್ಟೆಲ್ಲ ಸರಿಯಿದ್ದೂ ಒಂದೇ ಸಿಲಿಂಡರ್ ಸತ್ತಿದ್ದರೆ ಕಂಪ್ರೆಷನ್ ಪರೀಕ್ಷೆಯೇ ಕೊನೆಯ ದಾರಿ. ಸಿಲಿಂಡರುಗಳ ನಡುವೆ ನೂರಕ್ಕೆ ಹತ್ತು ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು.

ರೇಸ್ ಕೊಟ್ಟಾಗ ಮಾತ್ರ, ಬಿಟ್ಟರೆ ಇಲ್ಲ

ಚಕ್ರ ಬ್ಯಾಲೆನ್ಸ್ ಆಗಿದೆ, ಕೋಡು ಇಲ್ಲ, ಎಂಜಿನ್ ನಿಂತಲ್ಲಿ ನುಣುಪಾಗಿದೆ. ಆದರೂ ಏರಿನಲ್ಲಿ ಜೋರಾಗಿ ಒತ್ತಿದಾಗ ಗಾಡಿಯ ಮೂತಿ ಎಡಕ್ಕೂ ಬಲಕ್ಕೂ ತೂಗಾಡಿದಂತೆ ಅದುರುತ್ತದೆ, ಕಾಲು ತೆಗೆದ ತಕ್ಷಣ ನಿಲ್ಲುತ್ತದೆ. ಈ ಲಕ್ಷಣ ಹೇಳಿದರೆ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟು ಎಂದು ಬಹುಪಾಲು ನೋಡದೆಯೇ ಹೇಳಬಹುದು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಪ್ರತಿ ಶಾಫ್ಟಿಗೂ ಎರಡು ಜಾಯಿಂಟುಗಳಿರುತ್ತವೆ. ಚಕ್ರದ ಕಡೆಯ ಹೊರ ಜಾಯಿಂಟು ಸವೆದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಡುವಾಗ ಟಕಟಕ ಸದ್ದು ಬರುತ್ತದೆ. ಗೇರ್‌ಬಾಕ್ಸ್ ಕಡೆಯ ಒಳ ಜಾಯಿಂಟಿನಲ್ಲಿ ಮೂರು ಉರುಳೆಗಳು ಮೂರು ಹಳ್ಳಗಳಲ್ಲಿ ಓಡಾಡುತ್ತಿರುತ್ತವೆ. ಆ ಹಳ್ಳಗಳಲ್ಲಿ ತಗ್ಗು ಬಿದ್ದರೆ ಬಲ ಹಾಕಿದಾಗಲೆಲ್ಲ ಉರುಳೆ ಸಿಕ್ಕಿ ಜಾರುತ್ತದೆ, ಚಕ್ರದ ಪ್ರತಿ ಸುತ್ತಿಗೆ ಮೂರು ಸಲ ಗಾಡಿಯನ್ನು ಪಕ್ಕಕ್ಕೆ ನೂಕುತ್ತದೆ. ಐದು ಜನ, ಹಿಂದೆ ಸಾಮಾನು ತುಂಬಿದಾಗ ಶಾಫ್ಟಿನ ಕೋನ ಬದಲಾಗುವುದರಿಂದ ನಡುಕವೂ ಬದಲಾಗುತ್ತದೆ.

ಪರೀಕ್ಷಿಸಲು ಗಾಡಿಯ ಮುಂಭಾಗ ಎತ್ತಬೇಕು. ಎರೆ ನೆಲದಲ್ಲಿ ಜಾಕಿ ಹೂತುಹೋಗುತ್ತದೆ. ಅಂಗಳದ ಶಹಾಬಾದ್ ಫರಸಿಯ ಮೇಲಿಟ್ಟರೆ ಕೆಳಗೆ ಪೊಳ್ಳಿದ್ದಲ್ಲಿ ಕಲ್ಲು ಬಿರಿಯುತ್ತದೆ. ಗಟ್ಟಿ ನೆಲದಲ್ಲಿ ದಪ್ಪ ಮರದ ಹಲಗೆ ಹಾಕಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟು, ಎತ್ತಿದ ಮೇಲೆ ಸ್ಟ್ಯಾಂಡ್ ಇಟ್ಟು ನಂತರವೇ ಕೆಳಗೆ ಕೈ ಹಾಕಬೇಕು. ಬರೀ ಜಾಕಿಯ ಮೇಲೆ, ಇಟ್ಟಿಗೆ ಪೇರಿಸಿದ ಆಸರೆಯ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ಹೋಗಬಾರದು, ಮಿಸ್ತ್ರಿಯ ಹುಡುಗನನ್ನೂ ಬಿಡಬಾರದು.

ಮೊದಲು ಕಪ್ಪು ರಬ್ಬರ್ ಬೂಟುಗಳನ್ನು ನೋಡಿ. ಹರಿದಿದ್ದರೆ ಗ್ರೀಸು ಸುತ್ತಲೂ ಸಿಡಿದು, ಅದಕ್ಕೆ ಧೂಳು ಮೆತ್ತಿ, ಗೇರ್‌ಬಾಕ್ಸಿನ ಮೈಮೇಲೆ ಕರಿ ಪಟ್ಟಿ ಎಳೆದಂತೆ ಕಾಣುತ್ತದೆ. ಆ ಗ್ರೀಸನ್ನು ಎರಡು ಬೆರಳ ನಡುವೆ ಉಜ್ಜಿದಾಗ ಮರಳಿನಂತೆ ಕರಕರ ಅಂದರೆ ಜಾಯಿಂಟಿನ ಆಯುಷ್ಯ ಮುಗಿದಿದೆ. ನುಣುಪಾಗಿದ್ದರೆ ಹೊಸ ಬೂಟು ಮತ್ತು ಹೊಸ ಗ್ರೀಸಿನಲ್ಲಿಯೇ ಉಳಿಯಬಹುದು. ಆಮೇಲೆ ಶಾಫ್ಟನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಬೇಕು. ಒಳಕ್ಕೆ ಹೊರಕ್ಕೆ ಸ್ವಲ್ಪ ಜಾರುವುದು ಆ ಜಾಯಿಂಟಿನ ಸ್ವಭಾವ, ಅದನ್ನು ದೋಷವೆಂದು ತಿಳಿಯಬಾರದು. ಮೇಲೆ ಕೆಳಗೆ ಕಟಕಟ ಎಂದರೆ ಅದು ಸವೆತ. ಕೈಗೆ ಏನೂ ಸಿಗದಿದ್ದರೂ ಲಕ್ಷಣ ಇದೇ ಆಗಿದ್ದರೆ ಜಾಯಿಂಟು ಬಿಚ್ಚಿಸಿ, ಗ್ರೀಸು ಒರೆಸಿ, ಹಳ್ಳಗಳ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಸಿಕ್ಕಿಕೊಂಡರೆ ಬದಲಿಸಲೇಬೇಕು. ಅಷ್ಟಾಗಿ ಓಡದ ಮಾದರಿಗಳ ಜಾಯಿಂಟು ಇಲ್ಲಿ ಸಿಗದೆ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ತರಿಸಬೇಕಾಗಬಹುದು. ಬಿಚ್ಚುವ ಮೊದಲೇ ವಿಚಾರಿಸಿದರೆ ಗಾಡಿ ಗ್ಯಾರೇಜಿನಲ್ಲಿ ಬಿದ್ದಿರುವುದು ತಪ್ಪುತ್ತದೆ. ಬದಲಿಸುವಾಗ ಗೇರ್‌ಬಾಕ್ಸಿನ ಆಯಿಲ್ ಸೀಲನ್ನೂ ಹೊಸದಾಗಿ ಹಾಕಿಸಿ, ಚೆಲ್ಲಿದಷ್ಟು ಗೇರ್ ಆಯಿಲ್ ತುಂಬಿಸಬೇಕು. ಇದನ್ನು ಮರೆಯುವ ಗ್ಯಾರೇಜುಗಳಿವೆ.

ಜೀಪು, ಪಿಕಪ್, ಹಿಂದಿನ ಚಕ್ರ ತಳ್ಳುವ ಗಾಡಿಗಳಲ್ಲಿ ಇದೇ ಕೆಲಸ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದ್ದು. ಅದರ ಕ್ರಾಸುಗಳು (ಬಾಗುವ ಜಾಯಿಂಟುಗಳು) ಮತ್ತು ನಡುವಿನ ಸೆಂಟರ್ ಬೇರಿಂಗಿನ ರಬ್ಬರು ಸವೆದರೆ ಹೊರಡುವಾಗ ಕೆಳಗಿನಿಂದ ಗುದ್ದಿದಂತಾಗಿ ನಡುಕ ಬರುತ್ತದೆ. ಶಾಫ್ಟ್ ಬಿಚ್ಚುವ ಮೊದಲು ಎರಡೂ ತುದಿಯ ಫ್ಲಾಂಜುಗಳ ಮೇಲೆ ಬಣ್ಣದ ಗುರುತು ಹಾಕಿಸಿ, ಅದೇ ಗುರುತಿಗೆ ಸರಿಯಾಗಿ ಜೋಡಿಸಬೇಕು. ಗುರುತು ತಪ್ಪಿದರೆ ಹೊಸ ಕ್ರಾಸು ಹಾಕಿದ ಮೇಲೂ ಅದುರುತ್ತದೆ.

ಎಂಜಿನ್ ಫೌಂಡೇಶನ್ ಪರೀಕ್ಷೆಗೆ ಇಬ್ಬರು ಬೇಕು. ಬಾನೆಟ್ ತೆರೆದು ಒಬ್ಬರು ಪಕ್ಕದಲ್ಲಿ ನಿಲ್ಲಬೇಕು, ಗಾಡಿಯ ಮುಂದೆ ಅಲ್ಲ. ಇನ್ನೊಬ್ಬರು ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಕ್ಷಣಕಾಲ ಸ್ವಲ್ಪವೇ ಬಿಟ್ಟು ಮತ್ತೆ ಒತ್ತಬೇಕು, ರಿವರ್ಸ್‌ನಲ್ಲಿಯೂ ಹಾಗೆಯೇ. ಎಂಜಿನ್ ತುಸು ವಾಲುವುದು ಸಹಜ. ಇಂಚುಗಟ್ಟಲೆ ಎದ್ದು ಧಡ್ ಎಂದು ಕೂತರೆ ರಬ್ಬರು ಹರಿದಿದೆ. ಈ ಭಾಗದ ಬಿಸಿಲು, ಎಂಜಿನ್ನಿನ ಕಾವು ಸೇರಿ ರಬ್ಬರು ಬೇಗ ಬಿರಿಯುತ್ತದೆ. ಒಂದು ಹರಿದಾಗ ಉಳಿದವುಗಳ ಮೇಲೆ ಹೊರೆ ಬೀಳುವುದರಿಂದ ಎಲ್ಲವನ್ನೂ ಪರೀಕ್ಷಿಸಿಯೇ ಹೊಸದು ತರಬೇಕು. ಅಗ್ಗದ ಗಟ್ಟಿ ರಬ್ಬರಿನ ಫೌಂಡೇಶನ್ ಹಾಕಿದರೆ ಎಂಜಿನ್ ಅಲ್ಲಾಡುವುದು ನಿಲ್ಲುತ್ತದೆ, ಆದರೆ ನಡುಕವೆಲ್ಲ ಸೀಟಿಗೆ ಬರುತ್ತದೆ.

ಕ್ಲಚ್ ಮತ್ತು ಆಟೋಮ್ಯಾಟಿಕ್

ಮೊದಲ ಗೇರಿನಲ್ಲಿ ಅಥವಾ ರಿವರ್ಸ್‌ನಲ್ಲಿ ಹೊರಡುವಾಗ ಮಾತ್ರ ಅದುರಿ, ಕ್ಲಚ್ ಪೂರ್ತಿ ಬಿಟ್ಟ ಮೇಲೆ ಸರಿಯಾದರೆ ಅದು ಕ್ಲಚ್ಚಿನ ದೋಷ: ಪ್ಲೇಟಿಗೆ ಆಯಿಲ್ ತಾಗಿರಬಹುದು, ಪ್ಲೇಟು ಸವೆದಿರಬಹುದು, ಹಾಫ್ ಕ್ಲಚ್ಚಿನಲ್ಲಿಯೇ ಓಡಿಸಿ ಫ್ಲೈವೀಲ್ ಸುಟ್ಟಿರಬಹುದು. ಗೇರ್‌ಬಾಕ್ಸ್ ಇಳಿಸುವ ಕೂಲಿಯೇ ದೊಡ್ಡದಾದ್ದರಿಂದ ಪ್ಲೇಟು, ಪ್ರೆಷರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೆ ಬದಲಿಸುವ ವಾಡಿಕೆ ಸರಿಯಾದದ್ದೇ. ಕ್ಲಚ್, ಗೇರು ತಾನೇ ನಿಭಾಯಿಸುವ ಎಎಂಟಿ ಗಾಡಿಗಳಲ್ಲಿ ಮೊದಲು ಸ್ಕ್ಯಾನರ್ ಹಾಕಿ ಕ್ಲಚ್ ಕ್ಯಾಲಿಬ್ರೇಷನ್ ಮಾಡಿಸಿ ನೋಡಬೇಕು. ಕ್ಲಚ್ಚಿನ ಬದಲು ಆಯಿಲ್ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಗಾಡಿ 50–70 ಕಿ.ಮೀ. ವೇಗದಲ್ಲಿ, ಹಗುರವಾಗಿ ಒತ್ತಿದಾಗ ಗರಗರ ಅದುರಿದರೆ ಹಳೆಯ ಅಥವಾ ತಪ್ಪು ದರ್ಜೆಯ ಆಯಿಲ್ ಕಾರಣವಾಗಿರಬಹುದು; ಕಂಪನಿ ಹೇಳಿದ ದರ್ಜೆಯ ಆಯಿಲ್ಲನ್ನೇ ಹಾಕಿಸಬೇಕು.

ಗ್ಯಾರೇಜಿನಲ್ಲಿ ಮತ್ತು ಆಮೇಲೆ

ರಸ್ತೆ ಪರೀಕ್ಷೆಯಲ್ಲಿ ಬರೆದ ಕಾಗದವನ್ನು ಮಿಸ್ತ್ರಿಗೆ ತೋರಿಸಿ, ಸಾಧ್ಯವಾದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ನಡುಕ ಬರುವ ವೇಗದಲ್ಲಿ ಓಡಿಸಿ ತೋರಿಸಬೇಕು. ಒಂದು ಸಲಕ್ಕೆ ಒಂದೇ ಭಾಗ ಬದಲಿಸಿ, ಓಡಿಸಿ ನೋಡಿ, ಆಮೇಲೆ ಮುಂದಿನದಕ್ಕೆ ಹೋಗುವಂತೆ ಕೇಳಿಕೊಳ್ಳಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದು ಯಾರಿಗೂ ತಿಳಿಯುವುದಿಲ್ಲ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು, ಎಲ್ಲಿ ಸವೆದಿದೆ ಎಂದು ಅಲ್ಲಿಯೇ ನೋಡಬೇಕು. ವಾರಂಟಿ ಇರುವ ಗಾಡಿಯ ಕಾಯಿಲು, ಜಾಯಿಂಟು, ಫೌಂಡೇಶನ್‌ಗಳನ್ನು ಹೊರಗೆ ಬಿಚ್ಚಿಸುವ ಮೊದಲು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಲಿಖಿತ ದೂರು ದಾಖಲಿಸಿ, ಜಾಬ್ ಕಾರ್ಡಿನ ಪ್ರತಿ ಇಟ್ಟುಕೊಳ್ಳಬೇಕು.

ದುರಸ್ತಿಯ ನಂತರದ ಓಟವನ್ನು ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಮಾಡಿದರೆ ಮಾತ್ರ ಹೋಲಿಕೆ ಸರಿಯಾಗುತ್ತದೆ. ಚಕ್ರ ಬಿಚ್ಚಿ ಹಾಕಿದ ಯಾವ ಕೆಲಸವೇ ಆಗಿರಲಿ, ನಟ್ಟುಗಳನ್ನು ಒಂದರ ಪಕ್ಕ ಒಂದರಂತೆ ಬಿಗಿಯದೆ ಎದುರುಬದುರಾಗಿ, ಗಾಡಿಯ ಪುಸ್ತಕದಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನೆಯಿಂದ ಬಿಗಿಯಿಸಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಹೊಸದಾಗಿ ಆರಂಭವಾದ ನಡುಕಕ್ಕೆ ಸಡಿಲ ನಟ್ಟು ಕಾರಣವಾಗಿದ್ದರೆ ಮುಂದಿನ ತಿರುವಿನಲ್ಲಿ ಚಕ್ರವೇ ಕಳಚಬಹುದು.